ಎಷ್ಟು ಕೊಡುತ್ತೆ, ಯಾವಾಗ ಕೊಡ್ತೀರಾ?

ಅಂಬಾಸಿಡರ್ ಇಟ್ಟುಕೊಂಡವರನ್ನು ಜನ ಕೇಳುವ ಪ್ರಶ್ನೆ ಎರಡೇ. ಒಂದು, ಎಷ್ಟು ಕೊಡುತ್ತೆ? ಇನ್ನೊಂದು, ಯಾವಾಗ ಕೊಡ್ತೀರಾ? ಮೊದಲನೆಯದಕ್ಕೆ ನಮ್ಮಪ್ಪ ಒಂಬತ್ತು ಅಂತಾನೆ, ಕೇಳಿದವನು ಸ್ವಲ್ಪ ಬೇಕಾದವನಾಗಿದ್ದರೆ ಹತ್ತು ಅಂತಾನೆ. ಎರಡನೆಯದಕ್ಕೆ ಉತ್ತರವೇ ಇಲ್ಲ. ಬಟ್ಟೆ ತಗೊಂಡು ಮುಂದಿನ ಗಾಜು ಒರೆಸೋಕೆ ಶುರು ಮಾಡ್ತಾನೆ. ಗಾಜು ಅದಾಗಲೇ ಫಳಫಳ ಅಂತಿರುತ್ತೆ, ಆದರೂ ಕೇಳಿದವನು ಎದ್ದು ಹೋಗುವ ತನಕ ಒರೆಸ್ತಾನೇ ಇರ್ತಾನೆ.

ನಮ್ಮದು 1984ರ ಮಾಡೆಲ್ಲು, ಮಾರ್ಕ್ ಫೋರ್, 1489 ಸಿಸಿ ಪೆಟ್ರೋಲ್ ಎಂಜಿನ್. ಕುಶಾಲನಗರದ ಕಡೆಯ ಕಾಫಿ ತೋಟದವರೊಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್ ತಗೊಂಡು ಅಪ್ಪ ಪಿರಿಯಾಪಟ್ಟಣದಲ್ಲಿ ಬಾಡಿಗೆಗೆ ಬಿಟ್ಟ. ಆಗ ಸ್ಟ್ಯಾಂಡಿನಲ್ಲಿದ್ದ ಅಂಬಾಸಿಡರುಗಳು ಒಂದೊಂದಾಗಿ ಡೀಸೆಲ್ ಆಗುತ್ತಿದ್ದವು. ಕೆಲವರು ಮೆಟಡೋರ್ ಎಂಜಿನ್ ತಂದು ಕೂರಿಸಿಕೊಂಡರು. ಅಪ್ಪ ಮಾತ್ರ ಬದಲಾಯಿಸಲಿಲ್ಲ. ಕಾರಣ ಕೇಳಿದರೆ, 'ಬಸುರಿ ಹೆಂಗಸ್ರನ್ನ ಡೀಸಲ್ ಗಾಡೀಲಿ ಕೂರಿಸ್ಕಂಡ್ರೆ ಮೈಸೂರು ಮುಟ್ಟೋಕ್ ಮುಂಚೆ ಬಿಳಿಕೆರೇಲೇ ಹೆರಿಗೆ ಆಯ್ತದೆ' ಅನ್ನುತ್ತಿದ್ದ. ತಮಾಷೆಗೆ ಅಂದಿದ್ದರೂ ಅವನ ಬಾಡಿಗೆಯಲ್ಲಿ ಅರ್ಧ ಅದೇ ಇತ್ತು: ರಾತ್ರಿ ಹೊತ್ತು ಯಾರೋ ಬಂದು ಬಾಗಿಲು ಬಡಿಯೋದು, ಚೆಲುವಾಂಬ ಆಸ್ಪತ್ರೆಗೆ ಓಡೋದು. ಉಳಿದರ್ಧ ಮದುವೆ, ಚುಂಚನಕಟ್ಟೆ ಜಾತ್ರೆ, ಆಮೇಲೆ ಸೊಪ್ಪಿನ ಕಾಲ. ಹೊಗೆಸೊಪ್ಪಿನ ಹರಾಜು ಮುಗಿಸಿ ಕೈಗೆ ದುಡ್ಡು ಬಂದ ರೈತರು ಹೆಂಡತಿ ಮಕ್ಕಳನ್ನು ಕರಕೊಂಡು ಮೈಸೂರಿಗೆ ಒಡವೆ ಅಂಗಡಿಗೆ ಹೋಗುತ್ತಿದ್ದದ್ದು ಈ ಗಾಡಿಯಲ್ಲೇ. ಹೋಗುವಾಗ ಎಂಟು ಜನ, ಬರುವಾಗ ಎಂಟು ಜನದ ಜೊತೆ ಒಂದು ಬೀರು. ಡಿಕ್ಕಿಯಲ್ಲಿ ಅಂದುಕೊಳ್ಳಬೇಡಿ, ಮೇಲೆ ಕ್ಯಾರಿಯರ್‌ನಲ್ಲಿ.

ಮೊಣಕಾಲು ನೋವು ಶುರುವಾದ ಮೇಲೆ ಅಪ್ಪ ಹಳದಿ ಬೋರ್ಡ್ ತೆಗೆಸಿ ಬಿಳಿ ಬೋರ್ಡ್ ಮಾಡಿಸಿದ. ಗಾಡಿ ಮನೆಗೆ ನಿಂತಿತು. ಕೊಲ್ಕತ್ತದ ಹತ್ತಿರದ ಉತ್ತರಪಾರಾ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿ 2014ರ ಮೇ ತಿಂಗಳಲ್ಲಿ ನಿಂತೇಹೋಯಿತು ಅಂತ ಪೇಪರಿನಲ್ಲಿ ಬಂದ ದಿನ, ಅಪ್ಪ ಆ ಪೇಪರನ್ನು ಡ್ಯಾಶ್‌ಬೋರ್ಡಿನ ಖಾನೆಗೆ ತುರುಕಿದ. ಈಗಲೂ ಅಲ್ಲೇ ಇದೆ, ಆರ್‌ಸಿ ಪುಸ್ತಕದ ಜೊತೆ.

ಪಂಪಿನ ವಿಷಯಕ್ಕೆ ಬರ್ತೀನಿ. ಹೋದ ಆಗಸ್ಟಿನಲ್ಲಿ ಕಟ್ಟೆಮಳಲವಾಡಿಯಲ್ಲಿ ನೆಂಟರ ಗೃಹಪ್ರವೇಶ. ನಾನು ಇರೋದು ಹುಣಸೂರಿನಲ್ಲಿ, ಅಪ್ಪ ಅವ್ವ ಇರೋದು ಕಂಪಲಾಪುರದ ಪಕ್ಕದ ಊರಲ್ಲಿ. ಅವರಿಬ್ಬರೂ ಗಾಡಿಯಲ್ಲಿ ಬಂದು ನನ್ನನ್ನು ಹತ್ತಿಸಿಕೊಳ್ಳೋದು ಅಂತ ಮಾತಾಗಿತ್ತು. ಬಾಗಿಲು ತೆಗೆದು ಕೂತೆ ನೋಡಿ, ಪೆಟ್ರೋಲ್ ಬಂಕಿನೊಳಗೆ ಕೂತ ಹಾಗಾಯಿತು. ಹಿಂದೆ ಕೂತಿದ್ದ ಅವ್ವ ಸೆರಗನ್ನು ಮೂಗಿಗೆ ಮುಚ್ಚಿಕೊಂಡಿದ್ದಳು.

'ಅಪ್ಪ, ಪೆಟ್ರೋಲ್ ವಾಸ್ನೆ ಹಿಂಗೆ ಬರ್ತಾ ಇದೆಯಲ್ಲ?'

'ಎಲ್ಲಿ? ಇಲ್ವಲ್ಲ.'

'ಊರಿಂದ ಹೇಳ್ತಾ ಇವ್ನಿ ಕನವ್ವ' ಅಂತ ಅವ್ವ ಹಿಂದಿನಿಂದ. 'ಬಂಕಲ್ಲಿ ಹಾಕ್ಸಿದ್ದು ಚೆಲ್ಲದೆ ಸುಮ್ಕಿರು ಅಂತಾನೆ.'

ಇಳಿದು ಬಾನೆಟ್ ಎತ್ತಿಸಿದೆ. ಎಂಜಿನ್ನಿನ ಪಕ್ಕೆಯಲ್ಲಿ, ಕೆಳಗಡೆ, ಬಟ್ಟಲಿನಷ್ಟು ದಪ್ಪದ ಪಂಪು. ಅದರ ಹೊಟ್ಟೆಯ ಕೆಳಗಿನ ಸಣ್ಣ ತೂತಿನಿಂದ ತೊಟ್ಟು ತೊಟ್ಟು ಪೆಟ್ರೋಲು ಬೀಳುತ್ತಿತ್ತು. ಗೇಣು ದೂರದಲ್ಲಿ ಎಕ್ಸಾಸ್ಟ್ ಪೈಪು, ಮುಟ್ಟಿದರೆ ಚರ್ಮ ಸುಲಿಯುವಷ್ಟು ಬಿಸಿ. ಅಪ್ಪ ಬಗ್ಗಿ ಬೆರಳಿಗೆ ಒಂದು ತೊಟ್ಟು ಹಿಡಿದ, ಮೂಗಿನ ಹತ್ತಿರ ತಂದ, ಸ್ವಲ್ಪ ಹೊತ್ತು ಹಾಗೇ ನಿಂತ. ಆಮೇಲೆ ಬೆರಳನ್ನು ಪಂಚೆಗೆ ಒರೆಸಿಕೊಂಡು, 'ನೀರೋ ಪೆಟ್ರೋಲೋ ಗೊತ್ತಾಯ್ತಿಲ್ಲ' ಅಂದ.

ನನಗೆ ಆ ಕ್ಷಣಕ್ಕೆ ಪಂಪಿನ ಚಿಂತೆಯೇ ಹೋಯಿತು. 2021ರ ಎರಡನೇ ಅಲೆಯಲ್ಲಿ ಅಪ್ಪನಿಗೆ ಕೊರೊನಾ ಆಗಿತ್ತು. ವಾಸನೆ, ರುಚಿ ಎರಡೂ ಹೋಗಿದ್ದವು. ಎಲ್ಲರಿಗೂ ಬಂದ ಹಾಗೆ ಅವನಿಗೂ ವಾಪಸ್ ಬಂತು ಅಂತ ನಾವೆಲ್ಲ ಅಂದುಕೊಂಡಿದ್ದೆವು, ಯಾಕೆಂದರೆ ಅವನು ಹಾಗೇ ಹೇಳಿದ್ದ. ಉಪ್ಪೆಸರು ಮಾಡಿದ ದಿನ ಅವ್ವ ಕೇಳಿದರೆ 'ಘಮ್ ಅಂತದೆ' ಅನ್ನುತ್ತಿದ್ದ. ಮೂರು ವರ್ಷ ಅಂದಿದ್ದಾನೆ. ಉಪ್ಪು ಹುಳಿ ಖಾರ ನಾಲಿಗೆಗೆ ಗೊತ್ತಾಗುತ್ತಿತ್ತಂತೆ, ಉಳಿದದ್ದನ್ನ ಅವ್ವನ ಮುಖ ನೋಡಿ ಹೇಳುತ್ತಿದ್ದನಂತೆ.

ಇದು ಎಂಥಾ ಮನುಷ್ಯನ ಮೂಗು ಅಂತ ನಿಮಗೆ ಹೇಳಬೇಕು. ನಮ್ಮ ಕಡೆ ಜುಲೈನಿಂದ ಸೆಪ್ಟೆಂಬರ್ ತನಕ ಬ್ಯಾರನ್‌ಗಳಲ್ಲಿ ಸೊಪ್ಪು ಬೇಯುವ ಕಾಲ, ಊರೂರೇ ಅದೇ ಘಾಟು. ಅಪ್ಪ ರೋಡಿನಲ್ಲಿ ಗಾಡಿ ಓಡಿಸಿಕೊಂಡು ಹೋಗ್ತಾ ಇದ್ದವನು ಯಾರದೋ ಬ್ಯಾರನ್ ಮುಂದೆ ನಿಲ್ಲಿಸಿ, 'ಅಣ್ಣೋ, ಉರಿ ತಗ್ಸು, ಸೊಪ್ಪು ಸೀಯ್ತಾ ಅದೆ' ಅಂತ ಕೂಗಿ ಹೇಳಿ ಹೋಗುತ್ತಿದ್ದ. ಗಾಡಿಯ ಕ್ಲಚ್ ಪ್ಲೇಟು, ವೈರಿಂಗು, ಎಂಜಿನ್ ಆಯಿಲ್ಲು ಎಲ್ಲದರ ಕಾಯಿಲೆಯನ್ನೂ ಮೂಗಿನಲ್ಲೇ ಹಿಡಿಯುತ್ತಿದ್ದ. ಮೀಟರುಗಳು ಯಾವಾಗಲೋ ಕೆಟ್ಟಿವೆ. ಆ ಗಾಡಿಗೆ ಮೀಟರ್ ಅಂತ ಇದ್ದದ್ದು ಅವನ ಕಿವಿ ಮತ್ತೆ ಮೂಗು.

ಗೃಹಪ್ರವೇಶಕ್ಕೆ ಬಸ್ಸಿನಲ್ಲಿ ಹೋದೆವು. ಗಾಡಿಯನ್ನು ತಳ್ಳಿಸಿಕೊಂಡು ಹೋಗಿ ಉಸ್ತಾದರ ಗ್ಯಾರೇಜಿನ ಮುಂದೆ ಬಿಟ್ಟದ್ದಾಯಿತು.

ಉಸ್ತಾದ್ ಅಂದರೆ ಹುಣಸೂರಿನಲ್ಲಿ ನಲವತ್ತು ವರ್ಷದಿಂದ ಪೆಟ್ರೋಲ್ ಗಾಡಿ ಬಿಚ್ಚುತ್ತಿರುವವರು. ಕೊಡಗಿನ ತೋಟಗಳ ಹಳೇ ಜೀಪುಗಳೆಲ್ಲ ಒಂದು ಕಾಲದಲ್ಲಿ ಅವರ ಹತ್ತಿರವೇ ಇಳಿದು ಬರುತ್ತಿದ್ದವು. ಈಗ ಅವರ ಮಗ ಅದೇ ಜಾಗದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಹೊಸ ಕಾರುಗಳಿಗೆ ಸ್ಕ್ಯಾನಿಂಗ್ ಮಾಡ್ತಾನೆ. ಉಸ್ತಾದ್ ಮೂಲೆಯಲ್ಲಿ ಒಂದು ಸ್ಟೂಲು ಹಾಕಿಕೊಂಡು ಕೂತಿರ್ತಾರೆ, ಹಳೇ ಗಿರಾಕಿ ಬಂದರೆ ಮಾತ್ರ ಏಳ್ತಾರೆ.

ಅವರು ಮೊದಲು ನೋಡಿದ್ದು ಪಂಪನ್ನಲ್ಲ. ಡಿಪ್ ಸ್ಟಿಕ್ ಎಳೆದು ಆಯಿಲ್ ನೋಡಿದರು. ಮಟ್ಟ ಮೇಲಿನ ಗೀಟು ದಾಟಿ ನಿಂತಿತ್ತು. ಮೂಸಿದರು. ನನ್ನ ಕೈಗೂ ಕೊಟ್ಟರು. ಆಯಿಲ್ ಅನ್ನೋದು ಎಳ್ಳೆಣ್ಣೆ ಥರ ನೀರಾಗಿ, ಪೆಟ್ರೋಲ್ ಹೊಡೀತಿತ್ತು. 'ಹೊರಗಡೆ ಸೋರಿದ್ದು ಕಣ್ಣಿಗೆ ಕಾಣ್ತದೆ. ಒಳಗಡೆ ಸೋರಿದ್ದು ಇಂಜಿನ್ ತಿಂತದೆ' ಅಂದರು.

ಈ ಪಂಪನ್ನು ನಮ್ಮ ಮೆಕ್ಯಾನಿಕ್ಕುಗಳು ಎಸಿ ಪಂಪ್ ಅಂತಾರೆ. ತಂಪು ಮಾಡುವ ಎಸಿಗೂ ಇದಕ್ಕೂ ಏನೂ ಸಂಬಂಧ ಇಲ್ಲ. ಎಸಿ ಅನ್ನೋದು ಇಂಥ ಪಂಪು, ಪ್ಲಗ್ಗು ಮಾಡುತ್ತಿದ್ದ ಅಮೆರಿಕದ ಕಂಪನಿ, ಅದನ್ನು ಶುರು ಮಾಡಿದ ಆಲ್ಬರ್ಟ್ ಚಾಂಪಿಯನ್ ಅನ್ನುವವನ ಹೆಸರಿನ ಮೊದಲಕ್ಷರಗಳು. ಕೆಲಸ ಬಹಳ ಸರಳ. ಎಂಜಿನ್ನಿನ ಒಳಗೆ ಕ್ಯಾಮ್ ಶಾಫ್ಟ್ ತಿರುಗುತ್ತೆ. ಅದರ ಮೇಲಿನ ಒಂದು ಗುಬುಟು ಪಂಪಿನ ಬಾಲದಂಥ ಲಿವರನ್ನು ಪ್ರತಿ ಸುತ್ತಿಗೂ ಒಂದು ಸಲ ಒತ್ತುತ್ತೆ. ಲಿವರು ಡಯಾಫ್ರಂ ಅನ್ನುವ ರಬ್ಬರ್ ಬಟ್ಟೆಯನ್ನು ಕೆಳಕ್ಕೆಳೆಯುತ್ತೆ, ಆ ಎಳೆತಕ್ಕೆ ಹಿಂದಿನ ಟ್ಯಾಂಕಿನಿಂದ ಪೆಟ್ರೋಲ್ ಬರುತ್ತೆ. ಆಮೇಲೆ ಒಂದು ಸ್ಪ್ರಿಂಗು ಅದನ್ನು ಮೇಲಕ್ಕೆ ನೂಕಿ ಪೆಟ್ರೋಲನ್ನು ಕಾರ್ಬರೇಟರಿಗೆ ಕಳಿಸುತ್ತೆ. ಕುಲುಮೆಯ ತಿದಿಯನ್ನು ನೋಡಿದವರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಡ. ಒಂದು ಜಾಣತನ ಮಾತ್ರ ಹೇಳಲೇಬೇಕು. ಕಾರ್ಬರೇಟರ್ ತುಂಬಿದರೆ ಅದರ ಸೂಜಿ ದಾರಿ ಮುಚ್ಚುತ್ತೆ, ಆಗ ಡಯಾಫ್ರಂ ಕೆಳಗೇ ನಿಂತುಬಿಡುತ್ತೆ, ಲಿವರು ಸುಮ್ಮನೆ ಆಡ್ತಾ ಇರುತ್ತೆ. ಎಂಜಿನ್ ಎಷ್ಟೇ ಜೋರಾಗಿ ತಿರುಗಲಿ, ಕುಡಿದಷ್ಟೇ ಕೊಡೋದು. ಒತ್ತಡ ಎರಡು ಮೂರು ಪಿಎಸ್‌ಐಗಿಂತ ಜಾಸ್ತಿ ಇಲ್ಲ. ವೈರಿಲ್ಲ, ಸ್ವಿಚ್ಚಿಲ್ಲ, ಸ್ಕ್ಯಾನ್ ಮಾಡೋಕೆ ಏನೂ ಇಲ್ಲ.

ಆ ಡಯಾಫ್ರಂ ಹರಿದರೆ ಎರಡು ದಾರಿ. ಹೊಟ್ಟೆ ಕೆಳಗಿನ ತೂತಿನಿಂದ ಹೊರಕ್ಕೆ, ಇಲ್ಲ ಲಿವರಿನ ಸಂದಿಯಿಂದ ಎಂಜಿನ್ ಆಯಿಲ್ಲಿಗೆ. ತೂತು ಇಟ್ಟಿರೋದೇ ಸೋರಿದ್ದು ಗೊತ್ತಾಗಲಿ ಅಂತ. ನಮ್ಮ ಗಾಡಿಯಲ್ಲಿ ಎರಡೂ ಕಡೆ ಹೋಗಿತ್ತು.

ರಾತ್ರಿ ಬೆಂಗಳೂರಿನಲ್ಲಿರುವ ತಮ್ಮನಿಗೆ ಫೋನ್ ಮಾಡಿದೆ. ಅವನದು ಯಾವಾಗಲೂ ಒಂದೇ ಮಾತು. 'ಅಕ್ಕ, ಅದನ್ನ ಗುಜರಿಗೆ ಹಾಕಿ, ಅಪ್ಪಂಗೆ ಒಂದು ಆಟೋಮ್ಯಾಟಿಕ್ ಸೆಕೆಂಡ್ಸ್ ತಗೊಂಡು ಕೊಡ್ತೀನಿ.' ಮೂಗಿನ ವಿಷಯ ಹೇಳಿದ ಮೇಲೆ ಸುಮ್ಮನಾದ. ಆಮೇಲೆ ಇಂಟರ್ನೆಟ್ಟಿನಲ್ಲಿ ಏನೇನೋ ನೋಡಿ, ಎಲೆಕ್ಟ್ರಿಕ್ ಪಂಪ್ ಹಾಕಿಸಿ, ಅದರಲ್ಲಿ ಹರಿಯೋಕೆ ಡಯಾಫ್ರಮ್ಮೇ ಎಂಜಿನ್ ಹತ್ತಿರ ಇರಲ್ಲ ಅಂದ. ಅದು ತಪ್ಪು ಸಲಹೆ ಏನಲ್ಲ. ಬಹಳ ಜನ ಹಾಕಿಸ್ತಾರೆ. ಆದರೆ ಉಸ್ತಾದ್ ಒಪ್ಪಲಿಲ್ಲ. ಎಂಜಿನ್ ನಿಂತರೆ ಎಸಿ ಪಂಪು ತಾನೂ ನಿಲ್ಲುತ್ತೆ. ಎಲೆಕ್ಟ್ರಿಕ್ಕು ಹಾಗಲ್ಲ, ಕೀ ಆನ್ ಇದ್ದರೆ ಪೆಟ್ರೋಲ್ ನೂಕ್ತಾನೇ ಇರುತ್ತೆ. ಗಾಡಿ ಎಲ್ಲಾದರೂ ಗುದ್ದಿ ಪೈಪ್ ಕಿತ್ತುಹೋದರೂ ನೂಕುತ್ತೆ. ಅದಕ್ಕೆ ತಾನಾಗಿ ಆಫ್ ಆಗುವ ಸ್ವಿಚ್ ಹಾಕಬೇಕು, ಒತ್ತಡ ಹೊಂದುವ ಪಂಪೇ ಆರಿಸಬೇಕು. 'ವಾಸ್ನೆ ಗೊತ್ತಾಗದ ಡ್ರೈವರ್‌ಗೆ ನೀನು ಎಲೆಕ್ಟ್ರಿಕ್ ಪಂಪ್ ಕೊಡ್ತೀಯಾ?' ಅಂತ ಫೋನಿನಲ್ಲೇ ತಮ್ಮನನ್ನು ಕೇಳಿದರು. ನನಗೂ ಅದು ಸರಿ ಅನ್ನಿಸಿತು.

ಮೈಸೂರಿನ ಒಂದು ಅಂಗಡಿಯಿಂದ ಡಯಾಫ್ರಂ ಕಿಟ್ ತರಿಸಿ ಹಾಕಿದರು. ಆಯಿಲ್ ಪೂರ್ತಿ ಇಳಿಸಿ ಹೊಸದು ತುಂಬಿದರು. ಗಾಡಿ ಊರಿಗೆ ಹೋಯಿತು. ಮೂರೇ ವಾರ. ಅವ್ವ ಫೋನ್ ಮಾಡಿ, 'ಮತ್ತೆ ಬತ್ತಾ ಅದೆ' ಅಂದಳು. ಬಿಚ್ಚಿ ನೋಡಿದರೆ ಹೊಸ ರಬ್ಬರು ನೆನೆದ ಹಪ್ಪಳದ ಥರ ಉಬ್ಬಿಕೊಂಡಿತ್ತು.

ಇಲ್ಲಿ ಎಥನಾಲ್ ವಿಷಯ ಬರುತ್ತೆ. ಪೆಟ್ರೋಲಿಗೆ 10 ಪರ್ಸೆಂಟ್ ಎಥನಾಲ್ ಬೆರೆಸುವ ಗುರಿಯನ್ನು ದೇಶ 2022ರ ಜೂನ್ ಹೊತ್ತಿಗೇ ಮುಟ್ಟಿತು. 20 ಪರ್ಸೆಂಟಿನ ಪೆಟ್ರೋಲನ್ನು 2023ರ ಫೆಬ್ರವರಿ 6ರಂದು ಪ್ರಧಾನಿ ಬಿಡುಗಡೆ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ. ಅದಾದ ಮೇಲೆ ಬಂಕುಗಳಲ್ಲಿ ಅದೇ ಹೆಚ್ಚಾಗುತ್ತಾ ಬಂತು. ಕಬ್ಬು ಬೆಳೆಯುವ ಕೆ.ಆರ್. ನಗರದ ರೈತ ಇದನ್ನ ಬೇಡ ಅನ್ನಲ್ಲ, ನಾನೂ ಅನ್ನಲ್ಲ. ಆದರೆ ಎಥನಾಲ್ ಹಳೇ ಕಾಲದ ರಬ್ಬರಿಗೆ ಆಗಿಬರಲ್ಲ. ರಬ್ಬರು ಉಬ್ಬುತ್ತೆ, ಮೆತ್ತಗಾಗುತ್ತೆ, ಒಣಗಿದರೆ ಬಿರಿಯುತ್ತೆ. ಸಾಲದ್ದಕ್ಕೆ ಅದು ಗಾಳಿಯ ತೇವವನ್ನು ಎಳಕೊಳ್ಳುತ್ತೆ, ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ ನೀರು ಸೇರುತ್ತೆ. ಎಲ್ಲಾ ತಪ್ಪನ್ನೂ ಎಥನಾಲ್ ಮೇಲೆ ಹಾಕೋದು ಈಗ ಫ್ಯಾಷನ್ ಆಗಿದೆ, ನಲವತ್ತು ವರ್ಷದ ರಬ್ಬರು ಎಥನಾಲ್ ಇಲ್ಲದಿದ್ದರೂ ಹರಿಯುತ್ತಿತ್ತು. ಹೊಸದು ಮೂರು ವಾರಕ್ಕೆ ಉಬ್ಬಿದ್ದು ಮಾತ್ರ ಬೇರೆ ಲೆಕ್ಕ.

ಅಪ್ಪನಿಗೆ ಪರಿಹಾರ ಗೊತ್ತಿತ್ತು: ಹಳೇ ಒರಿಜಿನಲ್ ಮಾಲು ಹುಡುಕಬೇಕು. ಕೆ.ಆರ್. ನಗರದಲ್ಲಿ ಅವನಿಗೆ ಪರಿಚಯದ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿ ಇದೆ. ಒಂದು ಭಾನುವಾರ ಇಬ್ಬರೂ ಬಸ್ಸಿನಲ್ಲಿ ಹೋದೆವು. ಅಂಗಡಿಯವರು ಅಟ್ಟದ ಮೇಲೆ ಹತ್ತಿ, ಧೂಳು ಕೊಡವಿ, ಹಳದಿಗೆ ತಿರುಗಿದ ಒಂದು ಪೆಟ್ಟಿಗೆ ಇಳಿಸಿದರು. ಮೇಲಿನ ಅಕ್ಷರ ಮಾಸಿತ್ತು. ಒಳಗೆ ಎಣ್ಣೆ ಕಾಗದದಲ್ಲಿ ಸುತ್ತಿದ ಡಯಾಫ್ರಂ, ವಾಲ್ವು, ಸ್ಪ್ರಿಂಗು, ಪ್ಯಾಕಿಂಗು. ಅಪ್ಪ ಅದನ್ನು ಮೊಮ್ಮಗುವನ್ನು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡ. 'ದುಡ್ಡು ಎಷ್ಟಾರಾ ಹೇಳಿ ಸ್ವಾಮಿ' ಅಂದ. ಅಪ್ಪ ವ್ಯಾಪಾರದಲ್ಲಿ ಹೀಗೆ ಮಾತಾಡಿದ್ದನ್ನ ನಾನು ಅದೇ ಮೊದಲು ಕೇಳಿದ್ದು.

ಉಸ್ತಾದ್ ಪೆಟ್ಟಿಗೆ ತೆಗೆದರು, ಡಯಾಫ್ರಮ್ಮನ್ನು ಬೆಳಕಿಗೆ ಹಿಡಿದು ಮಡಿಚಿದರು. ಮಡಿಚಿದ ಕಡೆ ಕೂದಲೆಳೆಯಂಥ ಬಿರುಕು.

'ಅಣ್ಣ, ಮಾಲು ಒರಿಜಿನಲ್ಲೇ. ಆದ್ರೆ ಇದು ಆಗಿನ ಪೆಟ್ರೋಲಿಗೆ ಮಾಡಿದ್ದು. ಈಗಿನ ಪೆಟ್ರೋಲ್ ಇದ್ಕೆ ಗೊತ್ತೇ ಇಲ್ಲ.'

ಸ್ಪ್ರಿಂಗು, ವಾಲ್ವು, ಪ್ಯಾಕಿಂಗನ್ನು ತೆಗೆದಿಟ್ಟುಕೊಂಡು ಡಯಾಫ್ರಮ್ಮನ್ನು ಅಪ್ಪನ ಕೈಗೆ ವಾಪಸ್ ಕೊಟ್ಟರು. ಹಳೇದೆಲ್ಲ ಗಟ್ಟಿ, ಹೊಸದೆಲ್ಲ ಡೂಪ್ಲಿಕೇಟು ಅನ್ನೋದು ಅಪ್ಪನ ಜೀವಮಾನದ ನಂಬಿಕೆ. ಅವತ್ತು ಅವನು ಗ್ಯಾರೇಜಿನಲ್ಲಿ ಟೀ ಕುಡಿಯಲಿಲ್ಲ.

ಬೇಕಾಗಿದ್ದದ್ದು ಎಥನಾಲ್ ತಡೆಯುವ, ವೈಟಾನ್ ಥರದ ರಬ್ಬರಿನ ಡಯಾಫ್ರಂ. ಅದನ್ನು ಹುಡುಕಿದ್ದು ಯಾರು ಅಂತೀರಿ? ಗುಜರಿಗೆ ಹಾಕಿ ಅಂದಿದ್ದ ನನ್ನ ತಮ್ಮ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಶನಿವಾರ ಪೂರ್ತಿ ಅಂಗಡಿ ಅಂಗಡಿ ಅಲೆದು, ವಾಟ್ಸ್ಯಾಪಿನಲ್ಲಿ ಉಸ್ತಾದರಿಗೆ ಫೋಟೋ ಕಳಿಸಿ, ಅವರು ಬೇಡ ಅಂದಿದ್ದನ್ನ ವಾಪಸ್ ಕೊಟ್ಟು, ಕೊನೆಗೆ ಒಂದು ಸಿಕ್ಕಿತು. 'ಪಾರ್ಕಿಂಗಿಗೇ ಇದಕ್ಕಿಂತ ಜಾಸ್ತಿ ಆಯ್ತು' ಅಂತ ಬೈಕೊಂಡೇ ಬಸ್ಸಿಗೆ ಹಾಕಿ ಕಳಿಸಿದ.

ಇಷ್ಟಾದರೂ ಮುಗಿಯಲಿಲ್ಲ. ಪಂಪಿನ ಮೇಲ್ಭಾಗ ಕೆಳಭಾಗ ಕೂರುವ ಅಂಚು ಬಗ್ಗಿತ್ತು. ಯಾರೋ ಯಾವಾಗಲೋ ಸೋರಿದಾಗೆಲ್ಲ ಸ್ಕ್ರೂ ಇನ್ನಷ್ಟು ಬಿಗಿ ಮಾಡಿ ಮಾಡಿ ಬಗ್ಗಿಸಿದ್ದರು. ಗಾಜಿನ ಮೇಲೆ ಎಮರಿ ಕಾಗದ ಇಟ್ಟು ಉಜ್ಜಿ ಮಟ್ಟ ಮಾಡಬಹುದು, ಮಾಡಿಯೂ ನೋಡಿದರು. ಆದರೆ ಲಿವರಿನ ಪಿನ್ನು ಕೂರುವ ತೂತೂ ಸವೆದು ಅಂಡಾಕಾರ ಆಗಿತ್ತು. ಬೇರೆ ಬಾಡಿ ಬೇಕು.

ಎಚ್.ಡಿ. ಕೋಟೆಯಲ್ಲಿ ಅಪ್ಪನ ಜೊತೆಯವರೊಬ್ಬರ ಅಂಬಾಸಿಡರ್ ಹುಣಿಸೆ ಮರದ ಕೆಳಗೆ ನಿಂತಿದೆ ಅಂತ ಅವನಿಗೆ ಗೊತ್ತಿತ್ತು. ಅವರು ತೀರಿಕೊಂಡು ಬಹಳ ವರ್ಷವಾಗಿದೆ. ಹೋದಾಗ ಅವರ ಹೆಂಡತಿ ಜಗಲಿಯಲ್ಲಿ ಹುರುಳಿಕಾಳು ಆರಿಸುತ್ತಾ ಕೂತಿದ್ದರು. ಗಾಡಿಯ ನಾಲ್ಕು ಚಕ್ರವೂ ಮಣ್ಣಿನಲ್ಲಿ ಹೂತಿತ್ತು, ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ಅಪ್ಪ ವಿಷಯ ಹೇಳಿದ.

'ಪಂಪ್ ಬಿಚ್ಚಿದ್ರೆ ಗಾಡಿ ಕೆಟ್ಟೋಗದಿಲ್ವಾ ಅಣ್ಣಯ್ಯ?' ಅಂತ ಅವರು ಕೇಳಿದರು.

ನಾನು ನಗು ತಡೆದುಕೊಂಡೆ. ಅಪ್ಪ ನಗಲಿಲ್ಲ. ಗಾಡಿಯನ್ನು ಒಂದು ಸುತ್ತು ಹಾಕಿ, ಬಾಗಿಲು ಮುಟ್ಟಿ ನೋಡಿ, 'ಕೆಡಾಕಿಲ್ಲ ಕನವ್ವ. ಓಡ್ಸೋ ದಿನ ಬಂದ್ರೆ ನಾನೇ ಬಂದು ಹಾಕ್ಕೊಡ್ತೀನಿ' ಅಂದ. ಅವರು ಒಪ್ಪಿದರು. ದುಡ್ಡು ಮುಟ್ಟಲಿಲ್ಲ. ಕೋಳಿ ಎಬ್ಬಿಸಬೇಡಿ ಅಂತ ಮಾತ್ರ ಹೇಳಿದರು. ಎರಡು ನಟ್ಟು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಸೀಮೆಎಣ್ಣೆ ಬಿಟ್ಟು, ಒಂದು ಗಂಟೆ ಕಾದು, ಮೆಲ್ಲಗೆ ತಟ್ಟಿ ತಟ್ಟಿ ಅಪ್ಪನೇ ಬಿಚ್ಚಿದ. ತೆಗೆದ ಜಾಗಕ್ಕೆ ಒಂದು ತಗಡು ಮುಚ್ಚಿ, ಬೋಲ್ಟ್ ಬಿಗಿದು ಬಂದ. ಆ ಎಂಜಿನ್ ಇನ್ನೆಂದೂ ತಿರುಗಲ್ಲ ಅಂತ ಅವನಿಗೂ ಗೊತ್ತು. ಆದರೂ ಧೂಳು ಹೋಗಬಾರದಲ್ಲ.

ಪಂಪು ಕೂರಿಸಿದ್ದು ಅಕ್ಟೋಬರಿನಲ್ಲಿ, ಉಸ್ತಾದರ ಗ್ಯಾರೇಜಿನಲ್ಲೇ. ಉಸ್ತಾದರ ಕಣ್ಣಿಗೆ ಪೊರೆ ಬಂದಿದೆ, ಸಣ್ಣ ಸ್ಕ್ರೂ ಕಾಣಲ್ಲ. 'ನಿಂದು ಮೂಗು ಹೋಯ್ತು, ನಂದು ಕಣ್ಣು ಹೋಯ್ತು. ಇಬ್ರೂ ಸೇರಿದ್ರೆ ಒಂದು ಮೆಕ್ಯಾನಿಕ್ ಆಯ್ತೀವಿ ಬಾ ಅಣ್ಣ' ಅಂದರು. ಅವರು ಸ್ಟೂಲಿನ ಮೇಲೆ ಕೂತು ಹೇಳೋದು, ಅಪ್ಪ ಮಾಡೋದು, ನಾನು ಟಾರ್ಚ್ ಹಿಡಿಯೋದು.

ಮೊದಲು ಬ್ಯಾಟರಿಯ ಅರ್ತ್ ವೈರ್ ತೆಗೆದರು. ಟ್ಯಾಂಕಿನಿಂದ ಬರುವ ಪೈಪಿಗೆ ಒಂದು ಬೋಲ್ಟ್ ತುರುಕಿದರು, ಇಲ್ಲದಿದ್ದರೆ ಪೆಟ್ರೋಲ್ ತಾನಾಗೇ ಇಳಿದು ಬರುತ್ತಂತೆ. ಪಂಪಿನ ಎರಡು ಭಾಗ ಬಿಚ್ಚುವ ಮೊದಲು ಅರದಿಂದ ಎರಡಕ್ಕೂ ಸೇರಿಸಿ ಒಂದು ಗೀರು ಹಾಕಿದ್ದರು, ಮತ್ತೆ ಕೂರಿಸುವಾಗ ಗೀರಿಗೆ ಗೀರು ಹೊಂದಬೇಕು. ಡಯಾಫ್ರಮ್ಮಿನ ಕಡ್ಡಿಯನ್ನು ಲಿವರಿಗೆ ಸಿಕ್ಕಿಸೋದು ಒತ್ತಿ ಕಾಲು ಸುತ್ತು ತಿರುಗಿಸಿ. ಆಮೇಲೆ ಸ್ಕ್ರೂ. ಇಲ್ಲೇ ಉಸ್ತಾದ್ ಎದ್ದು ನಿಂತರು. 'ಲಿವರ್ ಪೂರ್ತಿ ಒತ್ತಿ ಹಿಡ್ಕೊಳಮ್ಮ, ಬಿಡಬೇಡ' ಅಂತ ನನಗೆ. ಡಯಾಫ್ರಂ ಪೂರ್ತಿ ಎಳೆದ ಸ್ಥಿತಿಯಲ್ಲಿ ಇದ್ದಾಗಲೇ ಬಿಗಿಯಬೇಕು, ಅದೂ ಒಂದರ ಪಕ್ಕ ಒಂದಲ್ಲ, ಎದುರು ಬದುರು, ಸ್ವಲ್ಪ ಸ್ವಲ್ಪವೇ. ಸಡಿಲವಾಗಿ ಇದ್ದಾಗ ಬಿಗಿದರೆ ಮೊದಲ ಎಳೆತಕ್ಕೇ ಅಂಚಿನಲ್ಲಿ ಹರಿಯುತ್ತೆ. ಸ್ಪ್ರಿಂಗಿನ ಬಲಕ್ಕೆ ನನ್ನ ಹೆಬ್ಬೆರಳು ನಡುಗುತ್ತಿತ್ತು. ಎಪ್ಪತ್ತು ದಾಟಿದ ಅಪ್ಪನ ಕೈ ಒಂದಿಷ್ಟೂ ನಡುಗಲಿಲ್ಲ.

ಇಂಜಿನ್ನಿಗೆ ಕೂರಿಸುವಾಗ ಮುಂದಿನಿಂದ ಹ್ಯಾಂಡಲ್ ಹಾಕಿ ಎಂಜಿನ್ ಅನ್ನು ಸ್ವಲ್ಪ ತಿರುಗಿಸಿದರು. ಒಳಗಿನ ಗುಬುಟು ಆ ಕಡೆ ಹೋದರೆ ಲಿವರ್ ಸಲೀಸಾಗಿ ಕೂರುತ್ತೆ. ಹಳೇ ಪ್ಯಾಕಿಂಗಿನ ಚೂರನ್ನೆಲ್ಲ ಕೆರೆದು ತೆಗೆದು, ಅಷ್ಟೇ ದಪ್ಪದ ಪ್ಯಾಕಿಂಗ್ ಹಾಕಬೇಕು, ದಪ್ಪ ಹೆಚ್ಚು ಕಮ್ಮಿ ಆದರೆ ಲಿವರಿನ ಎಳೆತವೂ ಹೆಚ್ಚು ಕಮ್ಮಿ. ಪೈಪಿನ ನಟ್ಟಿಗೆ ಎರಡು ಸ್ಪಾನರ್, ಒಂದರಲ್ಲಿ ಹಿಡಿದು ಇನ್ನೊಂದರಲ್ಲಿ ತಿರುಗಿಸೋದು. ಒಂದೇ ಸ್ಪಾನರಿನಲ್ಲಿ ತಿರುಗಿಸಿ ತಾಮ್ರದ ಪೈಪನ್ನು ಚಕ್ಕುಲಿ ಮಾಡಿಕೊಂಡವರ ಕಥೆಗಳನ್ನು ಉಸ್ತಾದ್ ಹೇಳಿದರು. ಅದನ್ನೆಲ್ಲ ಬರೆದರೆ ಇನ್ನೊಂದು ಅಂಕಣ ಆಗುತ್ತೆ.

ಹೊಸ ಆಯಿಲ್ ಹಾಕಿದ ಮೇಲೆ ಹ್ಯಾಂಡಲ್ ತಿರುಗಿಸಿದ್ದು ಉಸ್ತಾದರ ಮಗ. ಲ್ಯಾಪ್‌ಟಾಪ್ ಬಿಟ್ಟು ಬಂದಿದ್ದ. ಗಾಜಿನ ಫಿಲ್ಟರಿನಲ್ಲಿ ಪೆಟ್ರೋಲ್ ಏರಿದ್ದು ಕಂಡಿತು. ಆಮೇಲೆ ಕೀ. ಎರಡನೇ ಸಲಕ್ಕೆ ಹಿಡಿಯಿತು.

ಅರ್ಧ ಗಂಟೆ ಎಂಜಿನ್ ಓಡಲು ಬಿಟ್ಟು, ಕೆಳಗೆ ಪೇಪರ್ ಹಾಸಿ ಎಲ್ಲರೂ ನೋಡುತ್ತಾ ನಿಂತೆವು. ಒಂದು ತೊಟ್ಟೂ ಬೀಳಲಿಲ್ಲ. ಆಗ ಉಸ್ತಾದ್ ಅಪ್ಪನ ಹೆಗಲ ಮೇಲೆ ಕೈ ಹಾಕಿ, ನಾನು ಎರಡು ತಿಂಗಳಿಂದ ಹೇಳಲು ಆಗದೇ ಇದ್ದದ್ದನ್ನು ಹೇಳಿದರು.

'ಅಣ್ಣ, ಪಂಪು ಸರಿ ಹೋಯ್ತು. ಮೂಗು ಆಗಿಲ್ಲ. ಇನ್ನು ಒಬ್ನೇ ಓಡಿಸ್ಬೇಡ.'

ಅಪ್ಪ ಬಟ್ಟೆ ತಗೊಂಡು ಗಾಜು ಒರೆಸಲು ಶುರು ಮಾಡಿದ.

ಊರಿಗೆ ಹೋಗುವ ದಾರಿಯಲ್ಲಿ ಅವ್ವ ಹೇಳಿದ್ದು ಬೇರೆ ಭಯ. ಗಾಡಿಯಾದರೂ ಹೊರಗಡೆ ನಿಲ್ಲುತ್ತೆ, ಅಡುಗೆಮನೆಯ ಸಿಲಿಂಡರ್? ಅವಳು ಹೊಲಕ್ಕೆ ಹೋದಾಗ ಅಪ್ಪ ಟೀ ಕಾಸಿಕೊಳ್ತಾನೆ. ಅಡುಗೆ ಗ್ಯಾಸಿಗೆ ಸ್ವಂತ ವಾಸನೆ ಇಲ್ಲ, ಸೋರಿದರೆ ಗೊತ್ತಾಗಲಿ ಅಂತಲೇ ನಾರುವ ಮರ್ಕ್ಯಾಪ್ಟಾನ್ ಬೆರೆಸಿರ್ತಾರೆ. ಬೆರೆಸಿದ್ದೂ ಅಪ್ಪನಿಗೆ ಇಲ್ಲದ್ದೇ ಸಮ. ತಮ್ಮನಿಗೆ ಹೇಳಿ ಗ್ಯಾಸ್ ಸೋರಿದರೆ ಕೂಗುವ ಅಲಾರಂ ತರಿಸಿ ಅಡುಗೆಮನೆಯ ಗೋಡೆಗೆ ಹಾಕಿಸಿದೆ. ಅಪ್ಪ ಅದನ್ನು ಬೇಡ ಅನ್ನಲಿಲ್ಲ, ಚೆನ್ನಾಗಿದೆ ಅಂತಲೂ ಅನ್ನಲಿಲ್ಲ. ಮೈಸೂರಿನ ಡಾಕ್ಟರಿಗೂ ತೋರಿಸಿದೆವು. ಲವಂಗ, ನಿಂಬೆ, ನೀಲಗಿರಿ ಎಣ್ಣೆ, ಗುಲಾಬಿ, ಈ ನಾಲ್ಕನ್ನು ದಿನಾ ಎರಡು ಹೊತ್ತು ಮೂಸಿ ಅಭ್ಯಾಸ ಮಾಡಿ, ಕೆಲವರಿಗೆ ತಿಂಗಳುಗಳ ಮೇಲೆ ಸ್ವಲ್ಪ ಬರುತ್ತೆ ಅಂದರು. ಅಪ್ಪ ಐದನೆಯದಾಗಿ ಒಂದು ಸೀಸೆಯಲ್ಲಿ ಹೊಗೆಸೊಪ್ಪಿನ ಚೂರು ಹಾಕಿ ಇಟ್ಟುಕೊಂಡಿದ್ದಾನೆ.

ಈಗ ಗಾಡಿ ತೆಗೆಯಬೇಕಾದರೆ ಅಪ್ಪ ನನಗೆ ಫೋನ್ ಮಾಡ್ತಾನೆ. ನಾನು ಹುಣಸೂರಿನಿಂದ ಹೋಗಬೇಕು, ಇಲ್ಲ ಅವ್ವ ಜೊತೆಗಿರಬೇಕು. ಅವನು ಇದನ್ನು ಒಪ್ಪಿಕೊಂಡೆ ಅಂತ ಬಾಯಿಬಿಟ್ಟು ಎಂದೂ ಹೇಳಿಲ್ಲ. ಹೋದ ವಾರ ಬೆಟ್ಟದಪುರದ ಕಡೆ ಹೋಗಿದ್ದೆವು. ಅರ್ಧ ದಾರಿಯಲ್ಲಿ ಎಡಕ್ಕೆ ನಿಲ್ಲಿಸಿ, ಬಾನೆಟ್ ಎತ್ತಿ, ಪಂಪಿನ ಹೊಟ್ಟೆ ಕೆಳಗಿನ ತೂತಿಗೆ ಬೆರಳು ಹಾಕಿ ಸವರಿ, ಆ ಬೆರಳನ್ನು ಕಿಟಕಿಯೊಳಗೆ ನನ್ನ ಮುಂದೆ ಹಿಡಿದ.

'ನೋಡು ಮಗ, ಬತ್ತದಾ?'

'ಇಲ್ಲ ಅಪ್ಪ. ಬರೀ ಗ್ರೀಸ್ ವಾಸ್ನೆ.'

'ಯಾವ ಗ್ರೀಸು? ಹಳೇದಾ, ಮೊನ್ನೆ ಹಾಕಿದ್ದಾ?' ಅಂತ ಕೇಳಿದ. ನಾನು ಇನ್ನೊಂದು ಸಲ ಮೂಸಿ ನೋಡಿದೆ.